ಎಡ ಅಂಚಿನ ಕಾಗದದ ಚೂರಿನ ಬಗ್ಗೆ ಉಪಗ್ರಹಕ್ಕೊಂದು ಅರಿಕೆ

ದಿನಕ್ಕೆ ಹದಿನೈದು ಸುತ್ತು ಹಾಕಿಯೂ ಒಂದು ದಿನದ ರಜೆ ಕೇಳದ ಮಾನ್ಯ ಉಪಗ್ರಹದವರೇ,

ತಮಗೆ ತಲೆಬಾಗಿ, ಅಂದರೆ ತಲೆಯೆತ್ತಿ, ನಮಸ್ಕಾರಗಳು. ತಾವು ಕ್ಷೇಮವೆಂದು ಪತ್ರಿಕೆಯಲ್ಲಿ ಓದಿದೆ. ತಾವು ಕ್ಷೇಮವಾಗಿರುವುದರಿಂದಲೇ ನಮ್ಮ ಮನೆಗೆ ಒದಗಿದ ತೊಂದರೆಯನ್ನು ಅರಿಕೆ ಮಾಡಿಕೊಳ್ಳಬೇಕಾಗಿದೆ. ತಮ್ಮ ವಿಳಾಸ ಒಂದು ಕಡೆ ನಿಲ್ಲುವುದಿಲ್ಲವೆಂದು ಅಂಚೆ ಕಚೇರಿಯವರು ಲಕೋಟೆ ಹಿಂದಿರುಗಿಸಿದ್ದರಿಂದ ಬಹಿರಂಗವಾಗಿ ಬರೆಯುತ್ತಿದ್ದೇನೆ, ಮನ್ನಿಸಬೇಕು.

ತಾವು ಹೊದ್ದಿರುವ ಚಿನ್ನದ ಬಣ್ಣದ ಹೊದಿಕೆಯನ್ನು ಹೊಲಿದವರು ನನ್ನ ಚಿಕ್ಕಮ್ಮ. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟು, ಆಮೇಲೆ ನಾಲ್ಕು ಕೆಲಸ ಹಿಡಿದು ನಾಲ್ಕನ್ನೂ ಬಿಟ್ಟ ನಾನು, ಉಪಗ್ರಹ ಕಾರ್ಖಾನೆಯ ಹೊಲಿಗೆ ಕೋಣೆಯಲ್ಲಿ ಅವರ ಪಕ್ಕದ ಸ್ಟೂಲಿನಲ್ಲಿ ಕೂತು ನೂಲು ಕತ್ತರಿಸುವವಳು. ತಲೆಗೂದಲಿಗಿಂತ ತೆಳುವಾದ ಆ ಹೊದಿಕೆಯ ಹಾಳೆ ಹೊಲಿಗೆ ಯಂತ್ರದ ಹಲ್ಲಿಗೆ ಸಿಕ್ಕಿ ಹರಿಯುತ್ತಿತ್ತು. ಹನ್ನೊಂದು ಹೊದಿಕೆ ಹಾಗೇ ಹೋದವು. ಬೇರೆ ಸೂಜಿ ತರಿಸಲು ಒಂದು ಸಭೆ, ಬಂದ ಸೂಜಿಯನ್ನು ಪರೀಕ್ಷಿಸಲು ಇನ್ನೊಂದು ಸಭೆ ನಡೆಯಿತು. ಚಿಕ್ಕಮ್ಮ ಮಾತ್ರ, "ಜಾರೋ ಬಟ್ಟೆ ಹೊಲಿಯೋಕೆ ಬರಲ್ಲ, ಆಕಾಶಕ್ಕೆ ಹೊರಟಿದಾರೆ. ಏನೇ, ನಿನ್ನ ಚೀಲದಲ್ಲಿ ಹಾಳು ಕಾಗದ ಇದೆಯಾ?" ಎಂದರು. ಕತ್ತರಿ ಸುತ್ತಿಡಲು ಇಟ್ಟುಕೊಂಡಿದ್ದ ನನ್ನ ಗಣಿತದ ನೋಟ್‌ಬುಕ್ ಕೊಟ್ಟೆ. ರೇಷ್ಮೆ ಹೊಲಿಯುವ ದರ್ಜಿಗಳು ಮಾಡುವಂತೆ ಅವರು ಹೊದಿಕೆಯ ಹಾಳೆಯಡಿ ನೋಟ್‌ಬುಕ್ಕಿನ ಕಾಗದವಿಟ್ಟು ಹೊಲಿದರು. ಕೊನೆಗೆ ಸೂಜಿಯ ತೂತುಗಳ ಗುಂಟ ಕಾಗದವನ್ನು ಹರಿದು ತೆಗೆಯುವುದು ನನ್ನ ಪಾಲಿನ ಕೆಲಸ. ಹನ್ನೆರಡನೆಯ ಹೊದಿಕೆ ಹರಿಯಲಿಲ್ಲ. ಅದನ್ನೇ ತಾವು ಹೊದ್ದಿದ್ದೀರಿ.

ತಮ್ಮ ಎಡ ಅಂಚಿನ ಒಳಮಡಿಕೆಯಲ್ಲಿ ಉಗುರಿನಷ್ಟು ಕಾಗದದ ಚೂರು ಉಳಿದಿದೆ. ತಪ್ಪು ನನ್ನದು. ಹರಿದ ತುಣುಕುಗಳನ್ನು ಜೋಡಿಸಿ ನೋಡುವ ಹೊತ್ತಿಗೆ ತಾವು ಹೊರಟಾಗಿತ್ತು. ಆ ಚೂರಿನಲ್ಲಿರುವ, ತ್ರಿಕೋನದ ಮೂರು ಕೋನ ಸೇರಿದರೆ ಇನ್ನೂರು ಡಿಗ್ರಿ ಎಂಬ ನನ್ನ ಉತ್ತರವೂ ಅದರ ಮೇಲೆ ಮೇಷ್ಟ್ರು ಎಳೆದ ಕೆಂಪು ಗೀಟೂ ಈಗ ಭೂಮಿಯನ್ನು ಸುತ್ತುತ್ತಿವೆ.

ಹೀಗಿರುವಾಗ ರಾಷ್ಟ್ರೀಯ ಅಂತರಿಕ್ಷ ನಾವೀನ್ಯ ಸಮಿತಿಯವರು ಎಲ್ಲ ಕೆಲಸಗಾರರಿಗೂ ಒಂದು ನಮೂನೆ ಹಂಚಿದರು. 'ಅಂತರಿಕ್ಷ ಉದ್ಯಮದಲ್ಲಿ ದೇಶದ ನಾವೀನ್ಯಕ್ಕೆ ಪ್ರೇರಣೆ ಯಾವುದು?' ಎಂಬ ಪ್ರಶ್ನೆಯ ಕೆಳಗೆ ದೂರದೃಷ್ಟಿ, ನೀತಿ, ಸಂಶೋಧನೆ, ಸಹಭಾಗಿತ್ವ ಎಂದು ನಾಲ್ಕು ಚೌಕಗಳಿದ್ದವು. ಬುದ್ಧಿವಂತರು ಯಾವುದಕ್ಕೂ ಇರಲಿ ಎಂದು ನಾಲ್ಕಕ್ಕೂ ಗುರುತು ಹಾಕಿದರು. ನಾನು ಐದನೆಯ ಚೌಕ ಬರೆದು, 'ಚಿಕ್ಕಮ್ಮ ಮತ್ತು ನನ್ನ ನಪಾಸಾದ ನೋಟ್‌ಬುಕ್. ಒಂದು ಚೂರು ಮೇಲೆಯೇ ಉಳಿದಿದೆ' ಎಂದು ಇದ್ದದ್ದನ್ನು ಇದ್ದ ಹಾಗೆ ಬರೆದೆ.

ಸಮಿತಿಯವರ ಚುರುಕುತನವನ್ನು ಎಷ್ಟು ಹೊಗಳಿದರೂ ಸಾಲದು. ಮೂರೇ ದಿನದಲ್ಲಿ ಸುತ್ತೋಲೆ ಬಂತು. ಅದರ ಮುಂಬದಿಯಲ್ಲಿ 'ಕಾಗದಾಧಾರಿತ ಹೊಲಿಗೆ ತಂತ್ರಜ್ಞಾನ'ಕ್ಕಾಗಿ ಸಮಿತಿಯ ಅಧ್ಯಕ್ಷರಿಗೆ ಪದಕ, ಹಿಂಬದಿಯಲ್ಲಿ ಅನುಮತಿಯಿಲ್ಲದ ಕಾಗದ ಬಳಸಿದ್ದಕ್ಕೆ ಚಿಕ್ಕಮ್ಮನ ಅಮಾನತು. ಸದರಿ ಚೂರನ್ನು ಸಾಕ್ಷ್ಯವಾಗಿ ಹಾಜರುಪಡಿಸುವವರೆಗೆ ಅವರು ಹೊಲಿಗೆ ಕೋಣೆಗೆ ಕಾಲಿಡುವಂತಿಲ್ಲ. ಇಪ್ಪತ್ತೆರಡು ವರ್ಷ ಕೂತ ಕುರ್ಚಿಗೆ ದಾರ ಕಟ್ಟಿ ಚೀಟಿ ಅಂಟಿಸಿದ್ದಾರೆ. ನನ್ನನ್ನು ಸಾಕ್ಷಿಯೆಂದು ಉಳಿಸಿಕೊಂಡಿದ್ದಾರೆ. ತಮ್ಮ ತಮ್ಮನ ಹೊದಿಕೆ, ಅಂದರೆ ಮುಂದಿನ ಉಪಗ್ರಹದ್ದು, ಕಾಗದವಿಲ್ಲದೆ ಈಗಾಗಲೇ ಆರು ಸಲ ಹರಿದಿದೆ.

ನಮೂನೆಯಲ್ಲಿ ನಾನು ಬರೆದದ್ದು ತಲೆ ಕೆಟ್ಟಿದ್ದಾಗ ಬರೆದದ್ದು ಎಂದು ಸಹಿ ಹಾಕಿದರೆ ಎಲ್ಲ ಸರಿಹೋಗುತ್ತದಂತೆ. ಮನೆಯಲ್ಲಿ ಕಿಟಕಿಯ ಪರದೆಗಳನ್ನು ಬಿಚ್ಚಿ ಬಿಚ್ಚಿ ಮತ್ತೆ ಹೊಲಿಯುತ್ತ ಕೂತಿರುವ ಚಿಕ್ಕಮ್ಮನನ್ನು ನೋಡಲಾರದೆ ಒಮ್ಮೆ ಪೆನ್ನು ತೆಗೆದೆ. ಅವರು ತಲೆಯೆತ್ತದೆ, "ಸುಳ್ಳು ಬರೆದು ನನ್ನನ್ನ ಅಲ್ಲಿ ಕೂರಿಸಬೇಡ ಕಣೇ, ಆ ಕುರ್ಚಿ ಕಾಲು ಮೊದಲೇ ಅಲ್ಲಾಡುತ್ತೆ" ಎಂದರು.

ಆದಕಾರಣ ತಾವು ದಯಮಾಡಿ ಬರುವ ಗುರುವಾರ ಹನ್ನೊಂದು ಗಂಟೆಯೊಳಗೆ ಸದರಿ ಚೂರನ್ನು ಸಮಿತಿ ಕಚೇರಿಯ ಕಿಟಕಿಯೊಳಕ್ಕೆ ಬೀಳಿಸಬೇಕು. ದಾರಿಯಲ್ಲಿ ಸುಟ್ಟುಹೋಗದಂತೆ ಎಚ್ಚರ ವಹಿಸಬೇಕು. ಅದು ಕಷ್ಟವೆಂದಾದರೆ ಹಾದುಹೋಗುವಾಗ ಕೊಂಚ ಎಡಮಗ್ಗುಲಾಗಿ ಹೊಲಿಗೆಯನ್ನು ತೋರಿಸಬಹುದು. ಅದೂ ಆಗದಿದ್ದರೆ ಒಂದು ಕಾಲು ಗಂಟೆ ಕೆಟ್ಟು ನಿಲ್ಲಿ, ಆದರೆ ಒಳಗಡೆ ಕೆಡಿ. ಹೊರಗಡೆ ಚಿಕ್ಕಮ್ಮ ಹೊಲಿದದ್ದು ಕೆಡುವುದಿಲ್ಲವೆಂದು ಎಲ್ಲರಿಗೂ ಗೊತ್ತಾಗಲಿ.

ತಮ್ಮ ವಿಶ್ವಾಸಿ,
ತಮ್ಮ ಹೊದಿಕೆಯ ನೂಲು ಕತ್ತರಿಸಿದವಳು

ಮರೆತ ಮಾತು: ಪತ್ರ ಮುಗಿಸುವಷ್ಟರಲ್ಲಿ ಸಮಿತಿಯ ಅಧಿಕಾರಿಯೊಬ್ಬರು ಚಪ್ಪಲಿ ಕೈಯಲ್ಲಿ ಹಿಡಿದು ಹಿಂಬಾಗಿಲಿಂದ ಬಂದು, "ಅಮ್ಮಾ, ಏಳನೇದೂ ಹರೀತು" ಎಂದರು. ನಾಳೆಯಿಂದ ಚಿಕ್ಕಮ್ಮ ಸಂದರ್ಶಕರ ಪುಸ್ತಕದಲ್ಲಿ ಸಹಿ ಮಾಡಿ ಒಳಹೋಗಿ, ದಾರ ಕಟ್ಟಿದ ಕುರ್ಚಿಯ ಪಕ್ಕದಲ್ಲಿ ನನ್ನ ಸ್ಟೂಲಿನ ಮೇಲೆ ಕೂತು ಹೊಲಿಯುತ್ತಾರೆ. ಅನುಮತಿಯಿರುವ ಕಾಗದವೇ ಬೇಕೆಂದು ಅವರು ಹಟ ಹಿಡಿದದ್ದರಿಂದ, ಸಮಿತಿಯ ಮೊಹರು ಬಿದ್ದ, 'ನಾವೀನ್ಯಕ್ಕೆ ಪ್ರೇರಣೆ ಯಾವುದು' ಎಂಬ ನಾನೂರು ಪುಟದ ವರದಿಯನ್ನು ಅಧಿಕಾರಿಗಳು ತಾವೇ ಹೊತ್ತು ತಂದರು. ತಮ್ಮ ತಮ್ಮನವರು ಮೇಲೆ ಬಂದಾಗ ಎಡ ಅಂಚು ನೋಡಿ. ಅಧ್ಯಕ್ಷರ ದೂರದೃಷ್ಟಿಯ ಅಧ್ಯಾಯ ಬಹಳ ಸಲೀಸಾಗಿ ಹರಿಯುತ್ತದೆ. ಆದರೂ ಈ ಸಲ ಒಂದು ಚೂರನ್ನು ಬೇಕೆಂದೇ ಬಿಡುತ್ತೇನೆ, ಕೇಳಿದರೆ ಅದನ್ನೂ ಬರೆದು ಕೊಡುತ್ತೇನೆ.