ಹಲಸಿನ ಮರದ ಕುತ್ತಿಗೆ

ಆಗ ನನಗೆ ಅರವತ್ತೆರಡು. ಆ ಮಾತಿಗೆ ಈಗ ಹದಿನೇಳು ವರ್ಷವಾಯಿತು. ಆ ವಯಸ್ಸಿಗೆ ಜನ ಕಾಶಿಗೋ ರಾಮೇಶ್ವರಕ್ಕೋ ಹೋಗಿ ಬರುತ್ತಾರೆ. ನಾನು ಗುಂಡ್ಲುಪೇಟೆಗೆ ಹೋಗಿ ಮರದ ಆರೈಕೆ ಕಲಿತು ಬಂದೆ. ಬಂದವಳು ತೆಪ್ಪಗಿದ್ದಿದ್ದರೆ ಇದನ್ನು ಬರೆಯುವ ಕೆಲಸ ಬೀಳುತ್ತಿರಲಿಲ್ಲ. ಒಂದು ಮಾತು ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನನಗೆ ಗೊತ್ತಾದದ್ದು ನನ್ನ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಬೆಳಿಗ್ಗೆ ಕಲಿತದ್ದನ್ನು ಸಂಜೆಯೊಳಗೆ ಇನ್ನೊಬ್ಬರ ಕಿವಿಗೆ ಹಾಕದಿದ್ದರೆ ಮುದ್ದೆ ಒಳಗಿಳಿಯದು. ಎರಡನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದರಿಂದ ನನಗೆ ಕಲಿಯಲು ಹೆಚ್ಚೇನೂ ಸಿಕ್ಕಿರಲಿಲ್ಲ. ಹಾಗಾಗಿ ನಮ್ಮೂರು ಹರವೆಯ ಜನ ಅಷ್ಟು ವರ್ಷ ಬಚಾವಾಗಿದ್ದರು.

ತರಬೇತಿ ಮೂರು ದಿನ, ಒಂದು ನರ್ಸರಿಯಲ್ಲಿ. ನಮ್ಮ ಮಹಿಳಾ ಸಂಘದಿಂದ ಇಬ್ಬರು ಹೋಗಬೇಕಿತ್ತು, ಯಾರೂ ಒಪ್ಪಲಿಲ್ಲ. ಮಧ್ಯಾಹ್ನದ ಊಟಕ್ಕೆ ಪಾಯಸ ಇರುತ್ತದೆ ಎಂದು ಕೇಳಿ ನಾನು ಹೊರಟೆ. ಕಲಿಸುವವರು ವಯನಾಡಿನ ಕಡೆಯ ಜೋಸೆಫ್ ಮೇಷ್ಟ್ರು. ಮೊದಲನೇ ದಿನ ಅವರು ಒಂದು ಮಾವಿನ ಮರದ ಬುಡದಲ್ಲಿ ಕುಕ್ಕುರುಗಾಲಲ್ಲಿ ಕೂತು, ಮಣ್ಣು ಸರಿಸಿ, "ಅಮ್ಮಾ, ಮರಕ್ಕೂ ಕುತ್ತಿಗೆ ಉಂಟು, ನೋಡಿ" ಎಂದರು. ಬೊಡ್ಡೆ ಅಗಲವಾಗಿ ಬೇರಿಗೆ ಇಳಿಯುವ ಜಾಗವೇ ಮರದ ಕುತ್ತಿಗೆಯಂತೆ. ಅದಕ್ಕೆ ಗಾಳಿ ಬೇಕಂತೆ. ಅಲ್ಲಿ ಮಣ್ಣು ಪೇರಿಸಿದರೆ ತೊಗಟೆ ಕೊಳೆತು, ಮರ ತುದಿಯಿಂದ ಒಣಗುತ್ತಾ ಬರುತ್ತದಂತೆ. ಹುಟ್ಟಿದಾಗಿನಿಂದ ಮರ ನೋಡುತ್ತಿದ್ದೇನೆ, ಅದರ ಕುತ್ತಿಗೆ ಕಾಲ ಹತ್ತಿರ ಇದೆ ಎಂದು ಒಬ್ಬರಾದರೂ ಹೇಳಬಾರದೇ? ಪಾಯಸ ಬಡಿಸಿದಾಗ ಅದು ಅಕ್ಕಿಯದೋ ಶ್ಯಾವಿಗೆಯದೋ ಎಂದು ಕೂಡ ನೋಡಲಿಲ್ಲ. ಬೇಗ ಬೇಗ ಬರೆದುಕೊಳ್ಳಲು ಬಾರದ್ದಕ್ಕೆ ನೋಟ್‌ಬುಕ್ಕಿನ ತುಂಬ ಚಿತ್ರ ಬರೆದೆ. ದಪ್ಪ ಕೊಂಬೆ ಕೊಯ್ಯುವಾಗ ಮೊದಲು ಅಡಿಯಿಂದ ಗಾಯ ಮಾಡಬೇಕು, ಇಲ್ಲದಿದ್ದರೆ ಬೊಡ್ಡೆಯ ತೊಗಟೆಯೂ ಸಿಗಿದುಕೊಂಡು ಬರುತ್ತದೆ, ಅದಕ್ಕೊಂದು ಚಿತ್ರ. ಒಣಗಿತೆಂದು ಕಂಡ ಮರವನ್ನು ಉಗುರಲ್ಲಿ ಕೆರೆದು ನೋಡಬೇಕು, ಒಳಗೆ ಹಸಿರಿದ್ದರೆ ಜೀವ ಇದೆ. ಅದಕ್ಕೆ ಒಂದು ಉಗುರಿನ ಚಿತ್ರ.

ವಾಪಸು ಬರುವ ಬಸ್ಸಿನಲ್ಲೇ ನನ್ನ ಪಾಠ ಶುರುವಾಯಿತು. ರಸ್ತೆ ಬದಿಯ ಹುಣಸೆ ಮರಕ್ಕೆ ಯಾರೋ ತಗಡಿನ ಬೋರ್ಡು ಹೊಡೆದಿದ್ದರು. "ನಿಲ್ಸಪ್ಪ, ಮೊಳೆ ಕಿತ್ತಾಕ್ಬುಟ್ಟು ಬತ್ತೀನಿ" ಎಂದು ಎದ್ದೆ. ಕಂಡಕ್ಟರ್, "ಕೂತ್ಕೊ ಅಜ್ಜಿ, ಮರನೇ ಸುಮ್ಕದೆ, ನಿಂಗೇನು ನೋವು?" ಎಂದ. ಅವನಿಗೆ ತೆರಕಣಾಂಬಿ ಬರುವವರೆಗೂ ವಿವರಿಸಿದೆ. ಟಿಕೆಟ್ ಕೊಡುವ ನೆಪದಲ್ಲಿ ಹಿಂದಿನ ಬಾಗಿಲಿಗೆ ಹೋದವನು ಮತ್ತೆ ಮುಂದಕ್ಕೆ ಬರಲಿಲ್ಲ. ಚಾಮರಾಜನಗರದಲ್ಲಿ ನೆಂಟರ ಮದುವೆಗೆ ಹೋದಾಗ, ಚಪ್ಪರದ ಹಗ್ಗ ಮಾವಿನ ಗಿಡವನ್ನು ಬಿಗಿದಿರುವುದು ಕಂಡು ಪಂಕ್ತಿಯಿಂದ ಎದ್ದುಹೋಗಿ ಬಿಚ್ಚಿದೆ. ಚಪ್ಪರದ ಒಂದು ಮೂಲೆ ಬೀಗರ ತಲೆಯ ಮೇಲೆ ಕೂತಿತು. ಚಂದಕವಾಡಿಯ ಒಂದು ತಿಥಿ ಮನೆಯಲ್ಲಂತೂ, ಅಳುತ್ತಿದ್ದ ಹೆಂಗಸನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ನುಗ್ಗೆ ಕೊಂಬೆಯನ್ನು ಅಡಿಯಿಂದ ಕೊಯ್ಯುವುದು ತೋರಿಸಿದೆ. ಸತ್ತವರು ಹೇಗೂ ಸತ್ತಿದ್ದರು, ನುಗ್ಗೆ ಬದುಕಿತ್ತು. ಕಂಡವರ ಮನೆಯ ಮರವನ್ನೆಲ್ಲ ಕೆರೆದು ಕೆರೆದು ನನ್ನ ಹೆಬ್ಬೆರಳ ಉಗುರು ಅರ್ಧವಾಯಿತು.

ಊರಿನಲ್ಲಿ ನನ್ನ ಶಾಲೆ ಇದ್ದದ್ದು ಪಕ್ಕದ ಮನೆ ಮಾದಪ್ಪನ ಹಲಸಿನ ಮರದ ಕಟ್ಟೆಯ ಮೇಲೆ. ಕಟ್ಟೆ ಕಟ್ಟಿಸಿದವಳು ನಾನೇ. ನಮ್ಮ ಯಜಮಾನರು ತೀರಿಕೊಂಡ ವರ್ಷ, ಅವರ ಹೆಸರಿನಲ್ಲಿ ನಾಲ್ಕು ಜನ ಕೂರಲಿ ಎಂದು, ಮಾದಪ್ಪನನ್ನು ಒಪ್ಪಿಸಿ, ಸೊಂಟದೆತ್ತರ ಕಲ್ಲು ಕಟ್ಟಿಸಿ, ಒಳಗೆ ಮಣ್ಣು ತುಂಬಿಸಿ, ಬೊಡ್ಡೆಯ ಸುತ್ತ ಒಂದು ಗೇಣು ಬಿಟ್ಟು ಮೇಲೆಲ್ಲ ಸಿಮೆಂಟು ಬಳಿಸಿದ್ದೆ. ಕಟ್ಟೆಯ ಮುಂದಿನ ಕಲ್ಲಿಗೆ ಹೆಸರು ಕೆತ್ತುವವನು ಕೇಳಿದಾಗ ಗಂಡನ ಹೆಸರು ನಾನು ಹೇಳುವುದು ಹೇಗೆ? ಮಾದಪ್ಪನೇ ಹೇಳಿ ಕೆತ್ತಿಸಿದ. ಮಧ್ಯಾಹ್ನ ಮೂರಕ್ಕೆ ನಾನು ಆ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತು ನೋಟ್‌ಬುಕ್ ಬಿಡಿಸಿದರೆ ಐದಾರು ಹೆಂಗಸರು ಸೇರುತ್ತಿದ್ದರು. ಮರದ ಕುತ್ತಿಗೆಗೆ ಮಣ್ಣು ಪೇರಿಸಬೇಡಿ ಎಂದು ಎಷ್ಟು ಸಲ ಹೇಳಿದ್ದೇನೋ.

ಆ ಹಲಸು ಆಗಲೇ ತುದಿಯಲ್ಲಿ ಒಣಗುತ್ತಿತ್ತು. ಇಡೀ ಬೀದಿ ಅದರ ತೊಳೆ ತಿಂದಿದೆ, ಎಲ್ಲರ ಮನೆಯಲ್ಲೂ ಅದರ ಬೀಜದ ಸಾರು ಕುದಿದಿದೆ. ನೀರು ಸಾಲದು ಎಂದು ತೀರ್ಮಾನ ಕೊಟ್ಟವಳು ನಾನು. ಮಾದಪ್ಪನ ಹೆಂಡತಿ ಪಾಪ, ನನ್ನ ಮಾತು ಕೇಳಿ ದಿನಾ ನಾಲ್ಕು ಕೊಡ ನೀರು ಆ ಗೇಣಗಲದ ಸಂದಿಗೆ ಸುರಿದಳು. ಒಂದು ದಿನ ಒಣಕೊಂಬೆ ಮುರಿದು ಅವರ ಮನೆಯ ಹೆಂಚಿನ ಮೇಲೆ ಬಿತ್ತು. ಮಾದಪ್ಪ ಸಾಕಾಯಿತೆಂದು ಮರ ಕೊಯ್ಯುವ ಖಾದರ್ ಸಾಬರನ್ನು ಚಾಮರಾಜನಗರದಿಂದ ಕರೆಸಿದ.

ಸಾಬರು ಬಂದಾಗ ನಾನು ಪಾಠದ ಮಧ್ಯದಲ್ಲಿದ್ದೆ. "ಕೊಯ್ಬ್ಯಾಡಿ ಸಾಬ್ರೇ, ಮರದ ಬಗ್ಗೆ ನಂಗೆ ಗೊತ್ತು" ಎಂದು ಅವರಿಗೂ ನೋಟ್‌ಬುಕ್ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಕುತ್ತಿಗೆಯ ಚಿತ್ರ ನೋಡಿದರು, ಮರ ನೋಡಿದರು, ನನ್ನನ್ನು ನೋಡಿದರು.

"ಸರಿ ಅಮ್ಮ, ಈ ಮರದ ಕುತ್ತಿಗೆ ಎಲ್ಲದೆ?"

ತೋರಿಸಲು ಬಗ್ಗಿದೆ. ಕಂಡದ್ದು ನನ್ನದೇ ಕಾಲು, ಅದರ ಕೆಳಗೆ ಯಜಮಾನರ ಹೆಸರು.

ಮಾದಪ್ಪನ ಹೆಂಡತಿ, "ಅಯ್ಯೋ ನಿನ್ನ, ನಾನು ಸೊಂಟ ಮುರ್ಕೊಂಡು ನೀರೊತ್ತಿದ್ದು ಕೊಳ್ಸಕ್ಕಾ ಪುಟ್ಟಕ್ಕ?" ಎಂದಳು.

"ಕಟ್ಟೆ ಒಡೆದು ಗಾಳಿ ಆಡಿಸಿದ್ರೆ ಒಂದು ಕೈ ನೋಡಬೋದು" ಎಂದರು ಸಾಬರು. "ಇಲ್ಲ ಅಂದ್ರೆ ಕಟ್ಟೆ ಹಾಗೇ ಇರ್ಲಿ, ಮೇಲಿಂದ ಕೊಯ್ಕೊಂಡು ಹೋಗ್ತೀನಿ. ನಾಳೆ ಹತ್ತು ಗಂಟೆಗೆ ಆಳು ಕರ್ಕೊಂಡು ಬರ್ತೀನಿ, ಅಷ್ಟ್ರಲ್ಲಿ ಹೇಳಿ."

"ಮರ ಓದ್ರೆ ಓಗ್ಲಿ ಕಣಕ್ಕ" ಎಂದ ಮಾದಪ್ಪ. "ಅಣ್ಣನ ಹೆಸ್ರಿರೋ ಕಟ್ಟೆಗೆ ನಾನು ಹಾರೆ ಹಾಕಲ್ಲ. ಊರೋರು ಏನಂದಾರು?"

ಮರವೋ, ಗಂಡನೋ ಎಂದು ನನ್ನನ್ನು ಯಾರೂ ಅದುವರೆಗೆ ಕೇಳಿರಲಿಲ್ಲ. ಮನೆಗೆ ಬಂದು ಅಕ್ಕಿ ಆರಿಸುತ್ತಾ ಯೋಚಿಸಿದೆ. ಯಜಮಾನರು ಕೆಟ್ಟವರಲ್ಲ. ಆದರೆ ಬದುಕಿದ್ದಾಗಲೂ ಪಕ್ಕದಲ್ಲಿದ್ದವರಿಗೆ ಸಲೀಸಾಗಿ ಉಸಿರಾಡಲು ಬಿಟ್ಟವರಲ್ಲ. ಅದನ್ನೇ ಅವರ ಹೆಸರಿನಲ್ಲಿ ನಾನು ಮುಂದುವರಿಸಿದ್ದೆ. ಇನ್ನು ಸಂಕಟವೆಂದರೆ, ಕಟ್ಟೆ ಒಡೆದರೆ ನಾನು ಕಲಿಸಿದ ಪಾಠ ನಿಜವಾಗುತ್ತದೆ, ಕಲಿಸಿದವಳ ಮಾನ ಹೋಗುತ್ತದೆ. ಒಡೆಯದಿದ್ದರೆ ಮಾನ ಉಳಿಯುತ್ತದೆ, ಕೂತು ಪಾಠ ಹೇಳಲು ಮೋಟು ಬೊಡ್ಡೆ ಮಿಕ್ಕುತ್ತದೆ.

ಮರುದಿನ ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ, ಹಾರೆ ತೆಗೆದುಕೊಂಡು ಹೋಗಿ ಮೊದಲ ಏಟು ಸಿಮೆಂಟಿಗೆ ಹಾಕಿದೆ. ನಾಲ್ಕನೇ ಏಟಿಗೆ ಮಾದಪ್ಪ ಓಡಿಬಂದು, "ಕೊಡಿಲ್ಲಿ, ಮಂಡಿ ಮುರ್ಕಂಡಿಯೆ" ಎಂದು ಬೈಯುತ್ತಾ ಹಾರೆ ಕಸಿದುಕೊಂಡ. ಹೆಸರಿನ ಕಲ್ಲನ್ನು ಹುಷಾರಾಗಿ ಎಬ್ಬಿಸಿ, ನಮ್ಮ ಹಿತ್ತಿಲ ಬಟ್ಟೆ ಒಗೆಯುವ ಜಾಗಕ್ಕೆ ಹಾಕಿಸಿದೆ, ಹೆಸರು ಕೆಳಗೆ ಮಾಡಿ. ಮಣ್ಣು ಸರಿಸಿದಾಗ ಹಲಸಿನ ಕುತ್ತಿಗೆ ಕಪ್ಪಾಗಿ, ನೆಂದ ಗೋಣಿಚೀಲದಂತೆ ನಾರುತ್ತಿತ್ತು. ಒಂದು ಮಗ್ಗುಲು ಕೆರೆದೆ, ಕಂದು. ಇನ್ನೊಂದು, ಅದೂ ಕಂದು. ಮೂಡಲ ದಿಕ್ಕಿಗೆ ಹೋಗಿ ಉಳಿದರ್ಧ ಉಗುರಲ್ಲಿ ಕೆರೆದೆ. ಹಸಿರು! ಬೀದಿಗೆಲ್ಲ ಕೇಳುವಂತೆ ಕಿರುಚಿಬಿಟ್ಟೆ. ಹತ್ತಕ್ಕೆ ಮೊದಲೇ ಬಂದ ಖಾದರ್ ಸಾಬರು ಗರಗಸವನ್ನು ಗಾಡಿಯಿಂದ ಇಳಿಸಲೇ ಇಲ್ಲ. ಬಗ್ಗಿ ತಾವೂ ಒಂದು ಸಲ ಕೆರೆದು ನೋಡಿದರು.

"ಸರಿ ಪುಟ್ಟಕ್ಕ, ಮುಂದಕ್ಕೇನು ಮಾಡ್ಬೇಕು? ಕೊಳೆತಿರೋ ಕಡೆಗೆ ಏನಾಕದು?" ಎಂದ ಮಾದಪ್ಪ. ನೆರೆದ ಹೆಂಗಸರೆಲ್ಲ ನನ್ನ ಬಾಯಿ ನೋಡಿದರು. ನೋಟ್‌ಬುಕ್ಕನ್ನು ಮೊದಲಿಂದ ಕೊನೆಯವರೆಗೆ ತಿರುವಿದೆ. ಅದಕ್ಕೆ ಚಿತ್ರ ಇರಲಿಲ್ಲ. ಅದನ್ನು ಮೇಷ್ಟ್ರು ಹೇಳಿದ್ದು ಮೂರನೇ ದಿನ ಮಧ್ಯಾಹ್ನವಿರಬೇಕು. ಅಷ್ಟುಹೊತ್ತಿಗೆ ನಾನು ಅಡುಗೆಯವರಿಗೆ ಪಾಠ ಹೇಳಲು ಎದ್ದುಹೋಗಿದ್ದೆ.

"ಗೊತ್ತಿಲ್ಲ ಕಣಪ್ಪ" ಎಂದೆ. ಕೈ ತೊಳೆದು, ಸೀರೆ ಕೊಡವಿಕೊಂಡು, ಗುಂಡ್ಲುಪೇಟೆ ಬಸ್ಸು ಹತ್ತಿದೆ. ಅದೇ ಕಂಡಕ್ಟರ್ ಇದ್ದ. ನನ್ನನ್ನು ಕಂಡವನೇ ಹಿಂದಿನ ಬಾಗಿಲಿಗೆ ಹೋದ. ಪಾಪ, ಅವತ್ತು ಹೆದರಬೇಕಾಗಿರಲಿಲ್ಲ. ಗುಂಡ್ಲುಪೇಟೆಯವರೆಗೂ ನಾನು ಬಾಯಿ ಬಿಡಲಿಲ್ಲ.