ಗೋಲಿನ ಹಿಂದೆ ನಿಂತು ಕೂಗುವ ಹಿರಿಯರ ಕುರಿತು

ಪ್ರೇಕ್ಷಕರ ಕೂಗು ಮತ್ತು ಶಾಂತಿ ನಿಯಂತ್ರಣ ಕಚೇರಿ, ವಿಜಯಪುರ
ಸಂಖ್ಯೆ: ಪ್ರೇಕೂ/ಫು.ಬಾ./ಹಿರಿಯರು/07/2025-26

ವಿಷಯ: ಫುಟ್‌ಬಾಲ್ ಪಂದ್ಯಗಳಲ್ಲಿ ಆಟಗಾರರನ್ನು ಹೀಯಾಳಿಸಿ ಕೂಗುವುದು ಹಾಗೂ ತತ್ಪರಿಣಾಮ ಭಾನುವಾರದ ಫೈನಲ್‌ಗೆ ಗೋಲ್‌ಕೀಪರ್ ಇಲ್ಲದಿರುವ ಬಗ್ಗೆ.

ಉಲ್ಲೇಖ: 1) ಇಬ್ರಾಹಿಂಪುರ ತಂಡದ ನಾಯಕ ರಾಜಾರಾಮ ಅವರ ಮನವಿ. 2) ಗೋಲ್‌ಕೀಪರ್ ಸಿಕಂದರ ಅವರು ವಾಪಸು ಕಳಿಸಿದ ಕೈಗವಸು, ಒಂದು ಜೊತೆ.

ಬಬಲೇಶ್ವರದಲ್ಲಿ ನಡೆದ ಸೆಮಿಫೈನಲ್‌ನಲ್ಲಿ ಇಬ್ರಾಹಿಂಪುರ ತಂಡ ನಾಲ್ಕು–ಮೂರರಿಂದ ಗೆದ್ದಿದ್ದರೂ, ಬಿಟ್ಟುಕೊಟ್ಟ ಮೂರೂ ಗೋಲಿಗೆ ಕಾರಣ ಒಂದೇ ಎಂದು ವಿಚಾರಣೆಯಿಂದ ತಿಳಿದುಬಂದಿರುತ್ತದೆ. ಸಿಕಂದರ ಅವರ ಓಣಿಯ ಹಿರಿಯರಾದ ದಶರಥ ಕಾಕಾ ಅವರು ಬಲೆಯ ಹಿಂದೆ ನಿಂತು, "ಲೇ ಸಿಕಂದರ, ಬೀಗರ ಮನ್ಯಾಗ ನಿಂತಂಗ ನಿಂತೀಯಲ್ಲೋ" ಎಂದು ಕೂಗಿರುತ್ತಾರೆ. ಹಿರಿಯರು ಮಾತಾಡಿಸಿದಾಗ ಬೆನ್ನು ತೋರಿಸಬಾರದೆಂದು ಮನೆಯಲ್ಲಿ ಕಲಿತ ಸದರಿ ಆಟಗಾರರು ಹಿಂದಕ್ಕೆ ತಿರುಗಿ, "ಹೌದ್ರಿ ಕಾಕಾ" ಎಂದು ಉತ್ತರಿಸಿರುತ್ತಾರೆ. ಅಷ್ಟರಲ್ಲಿ ಚೆಂಡು ಒಳಗೆ ಬಂದಿರುತ್ತದೆ. ಹೀಗೆ ಮೂರು ಸಲ.

ಮೂರನೆಯದಕ್ಕೆ ಇಡೀ ಮೈದಾನವೇ ಕೂಗಿದ್ದು, ಅಂದಿನಿಂದ ಸಿಕಂದರ ಅವರು ತಮ್ಮ ವೆಲ್ಡಿಂಗ್ ಅಂಗಡಿಯಲ್ಲಿ, ಮುಖಕ್ಕೆ ಹಿಡಿಯುವ ಕಪ್ಪು ಗಾಜಿನ ಹಿಂದಿನಿಂದ ಹೊರಬಂದಿರುವುದಿಲ್ಲ. ಊಟಕ್ಕೂ ಅದನ್ನು ತುತ್ತು ಹಿಡಿಯುವಷ್ಟೇ ಎತ್ತುತ್ತಾರೆಂದು ತಾಯಿ ಜೀನತ ತಿಳಿಸಿರುತ್ತಾರೆ. ತಂಡದಲ್ಲಿ ಬೇರೆ ಗೋಲ್‌ಕೀಪರ್ ಇರುವುದಿಲ್ಲ.

ಆದಕಾರಣ ಸರ್ವರಿಗೂ ಈ ಕೆಳಗಿನಂತೆ ತಿಳಿಯಪಡಿಸಲಾಗಿದೆ:

1. ಗೋಲಿನ ಹಿಂದೆ ಹತ್ತು ಮಾರಿನೊಳಗೆ, ಆಟಗಾರರಿಗಿಂತ ಹಿರಿಯರಾದವರು ಕೂಗತಕ್ಕದ್ದಲ್ಲ. ಕಿರಿಯರು ಕೂಗಬಹುದು, ಅವರಿಗೆ ಉತ್ತರ ಕೊಡುವ ಪದ್ಧತಿ ಇರುವುದಿಲ್ಲ.

2. ವಯಸ್ಸಿನ ಬಗ್ಗೆ ತಕರಾರು ಬಂದಲ್ಲಿ ಆಧಾರ್ ಕಾರ್ಡ್ ನೋಡುವುದು. ಎಲ್ಲರೂ ಜೂನ್ ಒಂದರಂದೇ ಹುಟ್ಟಿರುವುದು ಕಂಡುಬಂದಲ್ಲಿ ಸೂಲಗಿತ್ತಿ ಸಾವಂತ್ರವ್ವ ಅವರ ಮಾತೇ ಅಂತಿಮ.

3. ಸೋದರಮಾವಂದಿರು ಕೂಗುವ ಮುನ್ನ ಆಟಗಾರರ ತಾಯಿಯಿಂದ ನಿರಾಕ್ಷೇಪಣಾ ಪತ್ರ ಪಡೆಯುವುದು.

4. ಹೀಯಾಳಿಸುವಾಗ ಬಹುವಚನ ಕಡ್ಡಾಯ. "ಕೈಗೆ ಎಣ್ಣಿ ಹಚ್ಚಿಕೊಂಡು ಬಂದೀರೇನ್ರಿ" ಎಂಬುದನ್ನು ಮಾದರಿಯಾಗಿ ಅಂಗೀಕರಿಸಲಾಗಿದೆ. ಸದರಿ ಮಾದರಿಯನ್ನು ಕಚೇರಿ ಅಧೀಕ್ಷಕರಾದ ಗುರಲಿಂಗಪ್ಪ ಅವರ ಮೇಲೆ, ಅವರು ಸಹಿ ಮಾಡುವ ವೇಳೆ, ಪರೀಕ್ಷಾರ್ಥವಾಗಿ ಪ್ರಯೋಗಿಸಲಾಗಿ, ಅವರು ದೀರ್ಘ ರಜೆಯ ಮೇಲೆ ತೆರಳಿರುತ್ತಾರೆ.

5. ಬುಧವಾರ ಮಮದಾಪುರದವರ ವಿರುದ್ಧದ ಅಭ್ಯಾಸ ಪಂದ್ಯಕ್ಕೆ ಸಿಕಂದರ ಅವರನ್ನು ಹೇಗೋ ಕರೆತಂದು, ಸಂಪೂರ್ಣ ಮೌನ ಜಾರಿಗೊಳಿಸಲಾಗಿತ್ತು. ಐದನೇ ನಿಮಿಷಕ್ಕೆ ಅವರು ಗೋಲು ಬಿಟ್ಟು ಗೆರೆಯ ಬಳಿ ಬಂದು, "ಯಾರರೆ ತೀರಿಕೊಂಡಾರೇನ್ರಿ? ಕಾಕಾ ಎಲ್ಲಿ?" ಎಂದು ವಿಚಾರಿಸಿರುತ್ತಾರೆ. ಮೌನವನ್ನು ಈ ಮೂಲಕ ಹಿಂಪಡೆಯಲಾಗಿದೆ.

6. ದಶರಥ ಅವರನ್ನು ಕರೆಸಿ ಹೇಳಿಕೆ ಪಡೆಯಲಾಗಿದೆ: "ನಮ್ಮಾಂವ ಅಂತ ಬೈದ್ನಿ. ಮಂದಿ ಮಗಗ ನಾ ಯಾಕ ಬೈಲಿ?" ಇದನ್ನು, ಅಭ್ಯಾಸ ಪಂದ್ಯದ ನಂತರ ಮತ್ತೆ ಅಂಗಡಿ ಸೇರಿದ್ದ ಸಿಕಂದರ ಅವರಿಗೆ ಓದಿ ಹೇಳಲಾಗಿ, ಅವರು ಕಪ್ಪು ಗಾಜು ಕೆಳಗಿಟ್ಟು, ಒಂದು ಷರತ್ತಿನ ಮೇಲೆ ಕೈಗವಸು ಸ್ವೀಕರಿಸಿರುತ್ತಾರೆ. ಕಾಕಾ ಕೂಗಲಿ, ಆದರೆ ಎದುರು ತಂಡದ ಗೋಲಿನ ಹಿಂದೆ ನಿಂತು ಕೂಗಲಿ; ಮುಖ ಕೊಟ್ಟು ಉತ್ತರ ಹೇಳಿದಂತೆಯೂ ಆಗುತ್ತದೆ, ಚೆಂಡೂ ಕಾಣುತ್ತದೆ. ಕ್ರಮಾಂಕ 1ನ್ನು ಕಾಕಾ ಅವರ ಮಟ್ಟಿಗೆ ಸಡಿಲಿಸಿ ಷರತ್ತನ್ನು ಒಪ್ಪಲಾಗಿದೆ. ಅಂತರ ನೂರು ಮೀಟರ್ ಇರುವುದರಿಂದ ಮೈಕ್ ಮಂಜೂರಾಗಿದೆ. ವಿರಾಮದ ನಂತರ ತಂಡಗಳೊಂದಿಗೆ ಕಾಕಾ ಅವರೂ ಬದಿ ಬದಲಿಸತಕ್ಕದ್ದು.

ಸಹಿ/-
ಪ್ರಭಾರ ಅಧೀಕ್ಷಕರು

ಪ್ರತಿಗಳು:
1. ಶ್ರೀ ದಶರಥ, ಇಬ್ರಾಹಿಂಪುರ: ಮೈಕ್ ಸಹಿತ.
2. ಶ್ರೀಮತಿ ಸಾವಂತ್ರವ್ವ: ಯಾರಾದರೂ ಓದಿ ಹೇಳುವುದು.
3. ಶ್ರೀ ಚೇತನಕುಮಾರ, ಗೋಲ್‌ಕೀಪರ್, ತಿಕೋಟಾ ತಂಡ: ಭಾನುವಾರ ತಮ್ಮ ಬೆನ್ನ ಹಿಂದೆ ಮೈಕಿನಲ್ಲಿ ಬರುವ ಬೈಗುಳ ತಮಗೆ ಸಂಬಂಧಿಸಿದ್ದಲ್ಲ. ದಯವಿಟ್ಟು ತಿರುಗಿ ನೋಡಬಾರದು.