ಮಾವನ ಬಲಗಾಲು

ಬೆನ್ನುಮೂಳೆ ಮುರಿದರೂ ಪಂಚಾಂಗ ಬಿಡದವರನ್ನು ನೀವು ನೋಡಿದ್ದೀರಾ? ನಮ್ಮ ಕುಟುಂಬದಲ್ಲೇ ಒಬ್ಬರಿದ್ದಾರೆ, ನನ್ನ ಸೋದರಮಾವ! ಎಪ್ಪತ್ತೆರಡನೇ ವಯಸ್ಸಿನಲ್ಲಿ, ಚೆನ್ನೈನ ತಮ್ಮ ಮನೆಬಾಗಿಲಿಗೆ ತಾವೇ ತೋರಣ ಕಟ್ಟಬೇಕೆಂದು ಸ್ಟೂಲ್ ಹತ್ತಿ ಬಿದ್ದ ಮಹಾನುಭಾವರು. ಆಪರೇಷನ್ ಮುಗಿದು ಎಚ್ಚರವಾದಾಗ, ಬಿದ್ದದ್ದು ಎಷ್ಟು ಗಂಟೆಗೆ ಎಂದು ಕೇಳಿದರು. ಸೋಮವಾರ, ಒಂಬತ್ತಕ್ಕೆ ಐದು ನಿಮಿಷ ಇತ್ತು ಎಂದೆ.

"ನೋಡಿದ್ಯಾ? ರಾಹುಕಾಲ. ಇನ್ನೈದು ನಿಮಿಷ ಕಾಯಬೇಕಿತ್ತು" ಎಂದರು. ತಪ್ಪು ಸ್ಟೂಲಿನದಲ್ಲ, ರಾಹುವಿನದು!

ಬೆನ್ನುಹುರಿಗೆ ಪೆಟ್ಟಾಗಿ ಬಲಗಾಲು ಸೋತಿತ್ತು. ನಡಿಗೆ ಕಲಿಸುವ ಕೇಂದ್ರವೊಂದಕ್ಕೆ ಸೇರಿಸಿದೆವು. ಫಿಸಿಯೋ ಹುಡುಗಿ ಕಾಸಿಮೇಡಿನ ಮೀನುಗಾರರ ಮನೆಯವಳು, ಗಟ್ಟಿಗಿತ್ತಿ. ಮಾವ ಅವಳಿಗೂ ರಾಹುಕಾಲದ ಪಾಠ ಮಾಡಿದರು. ಅವಳು ಬಗ್ಗಲಿಲ್ಲ. ಉಳಿದ ರೋಗಿಗಳು ಮಾತ್ರ ಭಕ್ತಿಯಿಂದ ಬಗ್ಗಿದರು. ಒಂದು ಸೋಮವಾರ ಬೆಳಗ್ಗೆ ಎಂಟಕ್ಕೆ ಡಾಕ್ಟರ್ ಬಂದು ನೋಡಿದರೆ, ಇಡೀ ಹಾಲ್ ವ್ಯಾಯಾಮ ಬಿಟ್ಟು ಕಾಫಿ ಕುಡಿಯುತ್ತ ಒಂಬತ್ತಾಗುವುದನ್ನೇ ಕಾಯುತ್ತಿತ್ತು!

ನಿಜವಾದ ಜಗಳ ಕೇಂದ್ರದಲ್ಲಿ ಅಭ್ಯಾಸಕ್ಕೆಂದು ಇಟ್ಟಿದ್ದ ಮರದ ಮೆಟ್ಟಿಲ ಹತ್ತಿರ ಶುರುವಾಯಿತು. ಮಾವನ ಮನೆಗೆ ಮೂರು ಮೆಟ್ಟಿಲು. ಅಷ್ಟು ಹತ್ತಿದರೆ ಮನೆ, ಇಲ್ಲದಿದ್ದರೆ ಕೊನೆತನಕ ಗಾಲಿಕುರ್ಚಿ ಎಂದು ಡಾಕ್ಟರ್ ಹೇಳಿಬಿಟ್ಟಿದ್ದರು. ಗಟ್ಟಿ ಇರುವ ಎಡಗಾಲನ್ನು ಮೊದಲು ಇಡಬೇಕು ಎಂದು ಹುಡುಗಿ. ಎಡಗಾಲಿಟ್ಟು ಯಾರಾದರೂ ಮನೆಗೆ ಹೋಗುತ್ತಾರಾ ಎಂದು ಮಾವ. ಇದು ಮನೆಯಲ್ಲ, ಮರದ ಮೆಟ್ಟಿಲು ಎಂದು ಅವಳು ತಮಿಳಿನಲ್ಲಿ ಬೇಡಿಕೊಂಡಳು. ಇಲ್ಲಿ ರೂಢಿಯಾದದ್ದೇ ಅಲ್ಲೂ ಬರುತ್ತದಲ್ಲ ಎಂದು ಇವರು ಅಪ್ಪಟ ಮೈಸೂರು ಕನ್ನಡದಲ್ಲಿ ವಾದಿಸಿದರು. ಮೂರು ವಾರ ಬಲಗಾಲೆತ್ತಿದರು, ಮೂರು ವಾರ ಕುಸಿದರು. ನನಗಂತೂ ನಗು ಹೋಗಿ ಭಯ ಹತ್ತಿತು.

ಅತ್ತೆ ದಿನಾ ಎರಡು ಬಸ್ ಬದಲಿಸಿ, ಸಾರು ಅನ್ನ ಹೊತ್ತು ಬರುತ್ತಿದ್ದರು. ಒಂದು ಮಧ್ಯಾಹ್ನ ಸುಸ್ತಾಗಿ, ಕ್ಯಾರಿಯರನ್ನು ತೊಡೆಯ ಮೇಲಿಟ್ಟುಕೊಂಡು ಬೆಂಚಿನಲ್ಲೇ ನಿದ್ದೆ ಹೋಗಿದ್ದರು. ಮಾವ ಬಹಳ ಹೊತ್ತು ಅವರನ್ನೇ ನೋಡಿದರು. ಆಮೇಲೆ ಹುಡುಗಿಯನ್ನು ಕರೆದು, "ಎಡಗಾಲೇ ಆಗಲಿ, ಹೇಳಿಕೊಡಮ್ಮಾ" ಎಂದರು. ಅವಳಿಗೆ ಕನ್ನಡ ಬಾರದು, ಆದರೂ ಓಡಿ ಬಂದಳು.

ಮನೆಗೆ ಬಂದ ದಿನ ಅತ್ತೆ ಆರತಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಮಾವ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದರು. ಹೊಸ್ತಿಲು ದಾಟಲು ಎಡಗಾಲು ಎತ್ತಿದ್ದೇ ತಡ, ಅತ್ತೆ ಗಾಬರಿಯಾದರು.

"ಏನೂಂದ್ರೆ, ಅದು ಎಡಗಾಲು."

"ಗೊತ್ತು ಕಣೇ" ಎಂದರು ಮಾವ, ಏದುಸಿರು ಬಿಡುತ್ತ. "ಈ ಮನೆಗೆ ನೀನು ಸೇರು ಒದ್ದು ಬಲಗಾಲಿಟ್ಟು ಬಂದು ನಲವತ್ತೆಂಟು ವರ್ಷ ಆಯ್ತು. ಆ ಪುಣ್ಯ ಸಾಕು. ನಾನು ಹೇಗೆ ಬಂದ್ರೇನು, ಬಂದ್ನಲ್ಲ."